ಸರ್ಕಾರಿ ವಕೀಲ ಮೀಮಾಂಸೆ

ಕ್ಷೇತ್ರ ನಿರ್ದೇಶ: ಈ ಶಾಸ್ತ್ರಕ್ಕೆ ಆಧಾರಭೂಮಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳು. ಇಲ್ಲಿ ತೊಗರಿ ಮಳೆಯನ್ನು ನಂಬಿ ಬೆಳೆಯುತ್ತದೆ. ದಾವೆಗೆ ಮಳೆಯ ಹಂಗಿಲ್ಲ.

ಲಕ್ಷಣ: ಕಕ್ಷಿದಾರನ ಮುಖವನ್ನೇ ಕಾಣದೆ ಅವನ ಪರ ವಾದಿಸುವವನು ಸರ್ಕಾರಿ ವಕೀಲ. ಈ ಲಕ್ಷಣ ಪೂಜಾರಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುವುದಿಲ್ಲವೇ? ಬರುವುದಿಲ್ಲ. ಪೂಜಾರಿಗೆ ದಕ್ಷಿಣೆ ಕೂಡಲೇ ಸಿಗುತ್ತದೆ; ವಕೀಲನ ಫೀ ಬಿಲ್ಲು ಆಕ್ಷೇಪಣೆಯೊಂದಿಗೆ ಮರಳುತ್ತದೆ.

ಉತ್ಪತ್ತಿ: ಶಿಖರದಲ್ಲಿ ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿಯಂತೆ ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ರಾಜ್ಯಪಾಲರ ಇಚ್ಛೆ ಇರುವಷ್ಟು ದಿನ ಪದವಿ. 177ನೇ ವಿಧಿ ಸದನದಲ್ಲಿ ಮಾತಾಡಲು ಬಿಟ್ಟು ಮತ ಹಾಕಲು ಬಿಟ್ಟಿಲ್ಲ. ವಕೀಲರಿಗೆ ಯಾವುದು ಹೆಚ್ಚು ಪ್ರಿಯವೆಂದು ಸಂವಿಧಾನಕಾರರು ಬಲ್ಲರು, ಅವರಲ್ಲೂ ವಕೀಲರಿದ್ದರು. ಕೆಳಗಿಳಿದರೆ ಜಿಲ್ಲಾ ಸರ್ಕಾರಿ ವಕೀಲ, ಅಪರ ಸರ್ಕಾರಿ ವಕೀಲ. ಇವರ ನೇಮಕಕ್ಕೆ 1977ರ ಕಾನೂನು ಅಧಿಕಾರಿಗಳ ನಿಯಮಾವಳಿಯೇ ಸೂತ್ರ. ಚುನಾವಣೆಯ ಫಲಿತಾಂಶ ಅದರ ಭಾಷ್ಯ.

ಕರ್ತವ್ಯ: ವಾದಿಸುವುದು, ಅಭಿಪ್ರಾಯ ಕೊಡುವುದು, ಮೇಲ್ಮನವಿಗೆ ಯೋಗ್ಯವೋ ಅಲ್ಲವೋ ಹೇಳುವುದು. ಇವೆಲ್ಲ ಗೌಣ. ಪ್ರಧಾನ ಕರ್ಮ ಮುದ್ದತು ಕೇಳುವುದು. ಇದಕ್ಕೆ ಕಾರಣ ವಕೀಲನ ಅಜ್ಞಾನವಲ್ಲ, ಕಡತದ ಅಭಾವ. ಇಲಾಖೆಯ ಕಂಡಿಕೆವಾರು ಷರಾ ಬಾರದೆ ಅವನು ಬಾಯಿ ಬಿಡುವಂತಿಲ್ಲ. ಷರಾ ತಹಶೀಲ್ದಾರರಿಂದ ಸಹಾಯಕ ಆಯುಕ್ತರಿಗೆ, ಅಲ್ಲಿಂದ ಮತ್ತೆ ತಹಶೀಲ್ದಾರರಿಗೆ ತೀರ್ಥಯಾತ್ರೆಯಲ್ಲಿರುತ್ತದೆ. ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ, ಕಾಯಂ ಪೀಠ 2013ರಲ್ಲಿ ಬಂದದ್ದರಿಂದ ರಾತ್ರಿಯಿಡೀ ಬೆಂಗಳೂರಿಗೆ ಪ್ರಯಾಣಿಸಿ ಮುದ್ದತು ಕೇಳುವ ಕಷ್ಟವಾದರೂ ತಪ್ಪಿತು.

ಕಾಲ ವಿಚಾರ: ಕಾಲ ಎರಡು ವಿಧ, ರೈತನದು ಮತ್ತು ಸರ್ಕಾರದ್ದು. ಸರ್ಕಾರದ ಮೇಲೆ ದಾವೆ ಹೂಡಲು ರೈತ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಸರ್ಕಾರ ದಾವೆ ಹೂಡುವುದಾದರೆ 1963ರ ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ.

ಪೂರ್ವಪಕ್ಷ: ಮುದ್ದತು ಕೇಳಲು ಖರ್ಚಿಲ್ಲ, ಆದ್ದರಿಂದ ಅದು ನಿರ್ದೋಷ.

ಸಿದ್ಧಾಂತ: ಅಲ್ಲ. ಆಳಂದದಲ್ಲಿ ಅಮರ್ಜಾ ಜಲಾಶಯ, ಅಫಜಲಪುರದಲ್ಲಿ ಸೊನ್ನದ ಭೀಮಾ ಬ್ಯಾರೇಜು, ಜೇವರ್ಗಿಯಲ್ಲಿ ನಾರಾಯಣಪುರ ಎಡದಂಡೆಯ ಶಾಖಾ ಕಾಲುವೆ. ಹೊಲ ಬಿಟ್ಟುಕೊಡದೆ ನೀರು ಬರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಡಿ ಹೋದ ಹೊಲಕ್ಕೆ ನ್ಯಾಯಾಲಯ ಹೆಚ್ಚಿಸಿದ ಪರಿಹಾರದ ಮೇಲೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ ಏರುತ್ತದೆ. ಅಂದರೆ ಖಜಾನೆಯ ರಕ್ಷಕ ಕೇಳುವ ಪ್ರತಿ ಮುದ್ದತಿಗೂ ಖಜಾನೆಯೇ ಬಡ್ಡಿ ತೆರುತ್ತದೆ. ಕಟ್ಟದಿದ್ದರೆ ಅಮೀನ ಬಂದು ಕಚೇರಿಯ ಕುರ್ಚಿ, ಜೀಪು ಜಪ್ತಿ ಮಾಡುತ್ತಾನೆ. ಆಗ ಮಾತ್ರ ಷರಾ ಅದೇ ದಿನ ಬರುತ್ತದೆ.

ಫಲಶ್ರುತಿ: 2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಮೇಲ್ಮನವಿ ತಂದಾಗ ಸುಪ್ರೀಂ ಕೋರ್ಟು 25,000 ರೂಪಾಯಿ ದಂಡ ಹಾಕಿ, ಅದನ್ನು ಹೊಣೆಗಾರ ಅಧಿಕಾರಿಗಳಿಂದಲೇ ವಸೂಲು ಮಾಡಲು ಹೇಳಿತು. ಹೊಲ ಕಳೆದುಕೊಂಡವನಿಗೆ ಸೇರಬೇಕಾದ ಶೇ. 15 ಬಡ್ಡಿಗೂ ಈ ನ್ಯಾಯ ಅನ್ವಯಿಸಲಿ; ಕಡತ ತಡೆದವನ ಸಂಬಳದಿಂದ ಅದನ್ನು ಮುರಿದುಕೊಳ್ಳಲಿ. ಆಗ ಕಡತ ಹೊತ್ತಿಗೆ ಸರಿಯಾಗಿ ಬಂದು, ಸರ್ಕಾರಿ ವಕೀಲನಿಗೆ ವಾದಿಸಲು ಬರುತ್ತದೆಯೋ ಇಲ್ಲವೋ ಎಂಬುದು ಮರುತಿಂಗಳೇ ಗೊತ್ತಾಗುತ್ತದೆ.