ಒಬ್ಬಳ ಫೀಸು, ನಾಲ್ವರ ಪಾಠ

ನಮ್ಮ ಪುಟ್ಟಿ ಓದುವ ಪ್ರೈಮರಿ ಶಾಲೆಯಲ್ಲಿ ಗಣಿತ, ವಿಜ್ಞಾನಗಳಿಗಿಂತ ಹೆಚ್ಚಿನ ಮರ್ಯಾದೆ ಮ್ಯೂಸಿಕ್, ಆರ್ಟ್, ಫ್ರೆಂಚ್ ಎಂಬ ಮೂರಕ್ಕೆ. ಇದು ನನ್ನ ಊಹೆಯಲ್ಲ, ಫೀಸಿನ ರಸೀದಿ ಹೇಳುವ ಮಾತು. ಗಣಿತ, ವಿಜ್ಞಾನ, ಕನ್ನಡ, ಇಂಗ್ಲಿಷು ಎಲ್ಲ ಸೇರಿ ಅದರಲ್ಲಿ ಒಂದೇ ಸಾಲು. ಈ ಮೂರಕ್ಕೆ ಮಾತ್ರ ಬೇರೆ ಬೇರೆ ಸಾಲು, ಬೇರೆ ಬೇರೆ ಮೊತ್ತ. ಮಗುವಿನ ಸರ್ವಾಂಗೀಣ ಬೆಳವಣಿಗೆಗಾಗಿ ಎಂದು ಸುತ್ತೋಲೆಯಲ್ಲಿ ಬರೆದಿದ್ದರು. ಆ ಬೆಳವಣಿಗೆ ಅಪ್ಪ, ಅಮ್ಮ, ಅಜ್ಜಿ ಮತ್ತು ಮೇಲಿನ ಮನೆಯವರಿಗೂ ಆಗಲಿದೆ ಎಂಬುದನ್ನು ಬರೆದಿರಲಿಲ್ಲ.

ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಹಾಡಿನ ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ರಜೆ ಹಾಕಿದ್ದಾರೆ ಎಂದರ್ಥ. ಡ್ರಾಯಿಂಗ್ ಪೀರಿಯಡ್ ಎಂದರೆ ಇಬ್ಬರು ಮೇಷ್ಟ್ರು ರಜೆ. ಯಾರಾದರೂ ಒಬ್ಬರು ಬಂದು ಬೋರ್ಡಿನ ಮೇಲೆ ಒಂದು ಹೂಜಿ ಬರೆದು, ನೀವೂ ಬರೀರಿ ಎಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಹೂಜಿಯ ಎಡಭಾಗ ಬಲಭಾಗಕ್ಕೆ ಯಾವತ್ತೂ ಹೊಂದುತ್ತಿರಲಿಲ್ಲ. ಅದರಿಂದ ಯಾರ ಬೆಳವಣಿಗೆಯೂ ನಿಂತದ್ದು ನನಗೆ ಗೊತ್ತಿಲ್ಲ.

ಪುಟ್ಟಿಯ ಸಂಗೀತ ರೆಕಾರ್ಡರಿನಿಂದ ಶುರುವಾಯಿತು. ಶಾಲೆಯವರು ವಾದ್ಯಗಳ ಪಟ್ಟಿ ಕಳಿಸಿದಾಗ ನನ್ನ ಗಂಡ ಇದು ಹಾಡು ರೆಕಾರ್ಡ್ ಮಾಡುವ ಯಂತ್ರವೆಂದು ತಿಳಿದು ಫೋನಿನಲ್ಲೇ ಆಗುತ್ತಲ್ಲ ಎಂದರು. ಬಂದದ್ದು ಪ್ಲಾಸ್ಟಿಕ್ ಕೊಳಲು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೊಂದು. ಎಡಗೈ ಮೇಲಿರಬೇಕು, ಬಲಗೈ ಕೆಳಗೆ. ಮೊದಲು ಕಲಿಸುವುದು ಮೂರೇ ಸ್ವರ: ಬಿ, ಎ, ಜಿ. ನಮ್ಮತ್ತೆ ಇದನ್ನು ಕೂಡಿಸಿಕೊಂಡು, "ಬ್ಯಾಗು ತರಾಕೆ ಇಷ್ಟೊಂದು ಊದ್ಬೇಕಾ?" ಎಂದರು. ಮೆಲ್ಲಗೆ ಊದಿದರೆ ಅದಕ್ಕೊಂದು ಇಂಪಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಎಂಟು ವರ್ಷದ ಮಗು ಯಾವುದನ್ನೂ ಮೆಲ್ಲಗೆ ಊದುವುದಿಲ್ಲ. ಸ್ವಲ್ಪ ಜೋರಾದರೂ ಅದು ಕೀಚಲು ದನಿ ಎತ್ತುತ್ತದೆ. ಆ ಕೀಚಲು ದನಿಯ ಶ್ರುತಿಯೂ ನಮ್ಮ ಕುಕ್ಕರಿನ ಶ್ರುತಿಯೂ ಒಂದೇ.

ಒಂದು ಸಂಜೆ ತೊಗರಿಬೇಳೆ ಇಟ್ಟು ನಾಲ್ಕು ಕೂಗಿಗೆ ಆರಿಸಿ ಎಂದು ಗಂಡನಿಗೆ ಹೇಳಿ ಸೊಪ್ಪು ತರಲು ಕೆಳಗಿಳಿದೆ. ಅವರು ಫೋನಿನಲ್ಲಿ ಕ್ರಿಕೆಟ್ ನೋಡುತ್ತಲೇ ಪ್ರಾಮಾಣಿಕವಾಗಿ ನಾಲ್ಕು ಎಣಿಸಿದರು. ಅದರಲ್ಲಿ ಕುಕ್ಕರಿನದು ಒಂದು, ಮಗಳದು ಮೂರು. ಅವತ್ತಿನ ಸಾರಿನಲ್ಲಿ ಬೇಳೆಗಳು ಒಂದೊಂದೂ ತನ್ನ ವ್ಯಕ್ತಿತ್ವ ಉಳಿಸಿಕೊಂಡಿದ್ದವು.

ಮೇಲಿನ ಮನೆಯಲ್ಲಿ ವೀಣೆ ಟೀಚರೊಬ್ಬರಿದ್ದಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅವರೇ ಮೊದಲು ದೂರು ಹಾಕುತ್ತಾರೆಂದು ನಾನು ಕಾದಿದ್ದೆ. ಅವರು ದೂರಿಗೆ ಬದಲು ತಾವೇ ಇಳಿದು ಬಂದರು. ಕಾಫಿ ಕುಡಿದು, ಮಗುವಿನ ಬೆರಳು ಹಿಡಿದು ನೋಡಿ, "ಇದನ್ನು ಬಿಡಿಸಬೇಡಿ, ಜೊತೆಗೆ ನಮ್ಮದೂ ಹಾಕಿ. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ಆದರೆ ಕೂತು ಬರೆದದ್ದು ಏನನ್ನು? ಕರ್ನಾಟಕ ಸಂಗೀತದ ಕೃತಿಗಳನ್ನು, ತೊಂಬತ್ನಾಲ್ಕು!" ಎಂದರು. ಪುಟ್ಟಿಗೆ ಇದರಿಂದ ಪರಿಣಾಮವಾಗಲಿಲ್ಲ. ಪರಿಣಾಮವಾದದ್ದು ನನ್ನ ಗಂಡನಿಗೆ. ಮುಂದಿನ ಶನಿವಾರದಿಂದ ಅವರು ಮೇಲಿನ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮಾಯಾಮಾಳವಗೌಳದ ಸರಳೆ ವರಸೆ ಹೇಳತೊಡಗಿದರು. ಪುರಂದರದಾಸರು ಈ ಕ್ರಮ ಹಾಕಿಕೊಟ್ಟದ್ದು ಎಳೆಯ ಮಕ್ಕಳಿಗೆಂದು ಹೇಳುತ್ತಾರೆ. ಐ.ಟಿ. ಕಂಪನಿಯ ಮ್ಯಾನೇಜರುಗಳೂ ಅದರಡಿ ಬರುತ್ತಾರೆಂದು ದಾಸರು ಎಣಿಸಿರಲಿಕ್ಕಿಲ್ಲ.

ಆರ್ಟಿನ ಕಥೆ ಇದಕ್ಕಿಂತ ಮುಂದೆ ಹೋಯಿತು. ಪುಟ್ಟಿ ಮೊದಲ ದಿನ ಬರೆದದ್ದು ನಮ್ಮ ದೇಶದ ಮಕ್ಕಳೆಲ್ಲ ಬರೆಯುವ ಚಿತ್ರವನ್ನೇ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದ ಹೊಳೆ, ದಂಡೆಯಲ್ಲಿ ಬಾಗಿದ ತೆಂಗಿನಮರ, ಹೆಂಚಿನ ಮನೆ, ಆಕಾಶದಲ್ಲಿ ಮಲಗಿಸಿದ ಮೂರರಂಥ ಹಕ್ಕಿಗಳು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಹುಟ್ಟಿದ ಈ ಮಗು ಹೆಂಚಿನ ಮನೆಯನ್ನೂ ಹೊಳೆಯನ್ನೂ ಎಲ್ಲಿ ಕಂಡಿತೋ ದೇವರೇ ಬಲ್ಲ. ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮ ಕುಂತಿ ಬೆಟ್ಟ ಕನವ್ವ" ಎಂದು ಗುರುತಿಸಿಬಿಟ್ಟರು. ಅವರ ಊರು ಪಾಂಡವಪುರ. ವನವಾಸದಲ್ಲಿ ಪಾಂಡವರು ತಾಯಿಯೊಡನೆ ತಂಗಿದ್ದರೆಂದು ಹೇಳುವ ಬಂಡೆಬೆಟ್ಟ ಅಲ್ಲಿದೆ. ಆರ್ಟ್ ಮ್ಯಾಮ್‌ಗೆ ಈ ಪುರಾಣ ಗೊತ್ತಿರಲಿಲ್ಲ. ಎರಡು ಬೆಟ್ಟ ಇನ್ನು ಸಾಕು, ಹೊಸದಾಗಿ ಯೋಚಿಸಲಿ ಎಂದು ಡೈರಿಯಲ್ಲಿ ಬರೆದು ಕಳಿಸಿದರು. ಹೊಸದಾಗಿ ಯೋಚಿಸಲು ಅವರು ಕೊಟ್ಟ ವಿಷಯ, ವ್ಯಾನ್ ಗೋನ 'ಸ್ಟಾರಿ ನೈಟ್' ಚಿತ್ರವನ್ನು ನೋಡಿ ಬರೆಯುವುದು.

ಪುಟ್ಟಿ ಇದನ್ನು ಹೇಳಿದ್ದು ರಾತ್ರಿ ಎಂಟೂವರೆಗೆ. ಕೊಡಬೇಕಾದದ್ದು ಬೆಳಿಗ್ಗೆ. ಶಾಲೆಯ ಬಳಿಯ ಸ್ಟೇಷನರಿ ಅಂಗಡಿಯವನಿಗೆ ನಮಗಿಂತ ಮೊದಲೇ ಸಿಲಬಸ್ ಗೊತ್ತಿರುತ್ತದೆ. ನನ್ನ ಗಂಡ ಸ್ಕೂಟರ್ ನಿಲ್ಲಿಸುವ ಮೊದಲೇ, "ಸಾರ್, ಮೂರನೇ ಕ್ಲಾಸಾ? ನೀಲಿ ಖಾಲಿ" ಎಂದನಂತೆ. ಅವತ್ತು ಬಡಾವಣೆಯಲ್ಲಿ ಎಲ್ಲೂ ನೀಲಿ ಸಿಗಲಿಲ್ಲ. ಇವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದವರು. ಆ ಸರ್ಟಿಫಿಕೇಟು ಇವತ್ತಿಗೂ ಮದುವೆ ಆಲ್ಬಮ್ಮಿನೊಳಗಿದೆ. ಆ ಧೈರ್ಯದ ಮೇಲೆ ಹಸಿರಿಗೆ ನೇರಳೆ ಬೆರೆಸಿ ಆಕಾಶ ಮಾಡಿದರು. ಮಗು ನಿದ್ದೆ ಹೋಯಿತು. ನಾನು ಬ್ರಷ್ ತೊಳೆದುಕೊಡುವ ಕೆಲಸಕ್ಕೆ ನಿಂತೆ. ವ್ಯಾನ್ ಗೋ ಈ ಚಿತ್ರ ಬರೆದದ್ದು 1889ರಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ. ನಡುರಾತ್ರಿ ಊಟದ ಮೇಜಿನ ಮೇಲೆ ಬಗ್ಗಿ ಸುರುಳಿ ಸುರುಳಿ ಸುತ್ತುತ್ತಿದ್ದ ನನ್ನ ಗಂಡನನ್ನು ನೋಡಿದಾಗ ಆ ವಿವರ ನನಗೆ ಬಹಳ ಸಹಜವಾಗಿ ಕಂಡಿತು. ಕೊನೆಯಲ್ಲಿ ಅವರಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಎರಡು ಬೆಟ್ಟ ಬರೆದೇಬಿಟ್ಟರು.

ಚಿತ್ರಕ್ಕೆ ಎ ಪ್ಲಸ್ ಬಂತು. ಮಗಳಿಗಲ್ಲ, ಅವರಿಗೆ. ಅದನ್ನು ಆಫೀಸಿನಲ್ಲೂ ಹೇಳಿಕೊಂಡರು.

ಇನ್ನು ಫ್ರೆಂಚ್. ಕರ್ನಾಟಕದಲ್ಲಿ 2015ರ ಕಾಯ್ದೆಯಿಂದಾಗಿ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು. ಕಲಿಸುತ್ತಾರೆ ಕೂಡ. ಆದರೆ ಕನ್ನಡದ ಹೋಂವರ್ಕು ನಮ್ಮ ಮನೆಯಲ್ಲಿ ಶೂ ಹಾಕಿಕೊಳ್ಳುವ ಹೊತ್ತಿಗೆ ಮುಗಿಯುತ್ತದೆ. ಫ್ರೆಂಚಿನದಕ್ಕೆ ಮಾತ್ರ ಭಾನುವಾರ ಬೆಳಿಗ್ಗೆ ಇಡೀ ಸಂಸಾರ ಸ್ನಾನ ಮಾಡಿ ಕೂರುತ್ತದೆ. ಯಾಕೆ ಫ್ರೆಂಚ್ ಎಂದು ಪೋಷಕರನ್ನು ಕೇಳಿದರೆ ಮುಂದೆ ಅಂಕ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಮೊಲಿಯೇರ್, ವಿಕ್ಟರ್ ಹ್ಯೂಗೋ ಬರೆದ ಭಾಷೆಯನ್ನು ಹೀಗೆ ಗಣಿತದ ತಂಗಿಯಂತೆ ಮನೆ ತುಂಬಿಸಿಕೊಂಡ ಊರು ಬೆಂಗಳೂರು ಒಂದೇ ಇರಬೇಕು.

ಬರೆದದ್ದನ್ನೆಲ್ಲ ಓದುವ ನಮಗೆ, ಕೊನೆಯ ಅಕ್ಷರಗಳನ್ನು ಬರೆದೂ ಓದದಿರುವ ಫ್ರೆಂಚಿನ ಪದ್ಧತಿ ಮೊದಲು ನುಂಗಲಾಗಲಿಲ್ಲ. ಪಕ್ಕದ ಮನೆಯವರು ಆಗಷ್ಟೇ ಹೊಸ ರೆನಾಲ್ಟ್ ಕಾರು ತಂದು ನಿಂಬೆಹಣ್ಣು ಇಡುತ್ತಿದ್ದರು. ಪುಟ್ಟಿ ಹೋಗಿ, "ಅಂಕಲ್, ಅದು ರೆನೋ. ಕೊನೆಯ ಎಲ್ಲೂ ಟಿಯೂ ಸೈಲೆಂಟು" ಎಂದಳು. ಅವರು ಬೇಸರದಿಂದ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರು. 'ರ' ಎಂಬ ಅಕ್ಷರವನ್ನಂತೂ ಫ್ರೆಂಚರು ನಾಲಿಗೆಯಿಂದ ಬಿಡಿಸಿ ಗಂಟಲಿಗೆ ವರ್ಗ ಮಾಡಿಬಿಟ್ಟಿದ್ದಾರೆ. ಶೀತವಾಗಿ ಕಫ ಕಟ್ಟಿದ ವಾರದಲ್ಲೇ ಪುಟ್ಟಿಗೆ ಉಚ್ಚಾರಣೆಗೆ ಸ್ಟಾರ್ ಸಿಕ್ಕಿತು. ಅತ್ತೆ ಮಾಡಿಟ್ಟ ಶುಂಠಿ ಕಷಾಯ ಕುಡಿದು ಅದನ್ನು ಕಳೆದುಕೊಂಡಳು.

ಅತ್ತೆಗೆ ಫ್ರೆಂಚಿನ ಮೇಲೆ ನಿಜವಾದ ಸಿಟ್ಟು ಬಂದದ್ದು ಲಿಂಗದ ಪಾಠದಲ್ಲಿ. ಮೇಜು ಹೆಣ್ಣು, ಕುರ್ಚಿ ಹೆಣ್ಣು, ಬೆಂಚು ಗಂಡು. ಇಷ್ಟಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಮರದ ಸಾಮಾನು ಅವರವರ ಮನೆಯದು. ಸೂರ್ಯ ಗಂಡು ಎಂದಾಗ ಮೆಚ್ಚಿ ತಲೆಯಾಡಿಸಿದರು. ಚಂದ್ರ ಹೆಣ್ಣು ಎಂದ ಕೂಡಲೇ ಬಿಡಿಸುತ್ತಿದ್ದ ಅವರೆಕಾಳು ಪಕ್ಕಕ್ಕಿಟ್ಟರು.

"ಚಂದಮಾಮ ಹೆಣ್ಣಾ?"

"ಹೌದಜ್ಜಿ, ಲಾ ಲ್ಯೂನ್."

"ಅವ್ನಿಗೆ ಇಪ್ಪತ್ತೇಳು ಜನ ಹೆಂಡ್ತೀರು. ಎಲ್ಲ ದಕ್ಷನ ಹೆಣ್ಮಕ್ಕಳು. ಅವ್ರ ಗತಿ ಏನು ಅಂತ ನಿಮ್ ಮಿಸ್ಸನ್ನ ಕೇಳ್ಕೊಂಡು ಬಾ."

ಪುಟ್ಟಿ ಕೇಳಿಕೊಂಡು ಬರಲಿಲ್ಲ. ಅದು ಪರೀಕ್ಷೆಗಿಲ್ಲವಂತೆ.

ಲೆಕ್ಕದ ಪಾಠಕ್ಕೆ ಬರುವಾಗ ಮಾತ್ರ ಎಲ್ಲ ತಲೆಕೆಳಗಾಯಿತು. ಫ್ರೆಂಚಿನಲ್ಲಿ ಎಂಬತ್ತಕ್ಕೆ ನಾಲ್ಕು ಇಪ್ಪತ್ತು ಎನ್ನಬೇಕು, ಕಾತ್ರ್ ವ್ಯಾಂ. ತೊಂಬತ್ತೊಂಬತ್ತಕ್ಕೆ ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು ಎಂದು ಕೂಡಿಸಿಕೊಂಡು ಹೋಗಬೇಕು. ಇಂಜಿನಿಯರಿಂಗ್ ಓದಿದ ನನ್ನ ಗಂಡ ಅರುವತ್ತೊಂಬತ್ತರವರೆಗೆ ಬಂದು ನಿಂತರು. ನಾನು ಬ್ಯಾಂಕಿನಲ್ಲಿ ದಿನವಿಡೀ ನೋಟು ಎಣಿಸುವವಳು, ನಾನೂ ಅಲ್ಲೇ ನಿಂತೆ. ಅತ್ತೆ ಅವರೆಕಾಳು ಬಿಡಿಸುತ್ತಲೇ, "ಇದ್ರಲ್ಲೇನದೆ? ನಮ್ಮವ್ವ ತೆಂಗಿನಕಾಯಿ ಎಣಿಸ್ತಿದ್ದದ್ದೂ ಹಿಂಗೇಯ. ಒಂದಿಪ್ಪತ್ತು, ಎರಡಿಪ್ಪತ್ತು, ನಾಕಿಪ್ಪತ್ತು. ಮಿಕ್ಕಿದ್ದು ಕೊನೇಗೆ ಕೂಡುಸ್ಕೊಳೋದು" ಎಂದು ಕಾತ್ರ್ ವ್ಯಾಂ ದೀಜ್ ನಫ್‌ವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟರು. ಆಮೇಲೆ ಮಗುವಿಗೆ ಫ್ರೆಂಚ್ ಲೆಕ್ಕ ಹೇಳಿಕೊಡುವ ಕೆಲಸ ಅವರಿಗೇ ಹೋಯಿತು.

"ನಮ್ಮೂರೋರ್ಗೆ ಫ್ರೆಂಚು ಹೊಸದಲ್ಲ ಕನವ್ವ" ಎಂಬುದು ಅವರ ವಾದ. ಇದು ಬರಿಯ ಜಂಬವಲ್ಲ. ಪಾಂಡವಪುರವನ್ನು ಬ್ರಿಟಿಷರು ಕರೆಯುತ್ತಿದ್ದುದೇ ಫ್ರೆಂಚ್ ರಾಕ್ಸ್ ಎಂದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಆ ಬಂಡೆಗಳ ಬಳಿ ಬೀಡು ಬಿಟ್ಟಿದ್ದರು. ಹಳೆಯ ರೈಲ್ವೆ ಕಾಗದಗಳಲ್ಲಿ ಸ್ಟೇಷನ್ನಿಗೂ ಅದೇ ಹೆಸರು. ಟಿಪ್ಪು ಕಳಿಸಿದ ರಾಯಭಾರಿಗಳು 1788ರಲ್ಲಿ ಹದಿನಾರನೇ ಲೂಯಿಯ ಆಸ್ಥಾನವನ್ನೂ ಮುಟ್ಟಿದ್ದರು. ಅವರು ಅಲ್ಲಿ ಕೇಳಿದ ಸೈನ್ಯ ಸಿಗಲಿಲ್ಲ, ಮರುವರ್ಷ ಆ ದೊರೆಗೇ ಗ್ರಹಚಾರ ಕೆಟ್ಟಿತು. ಪೋಷಕರ ಸಭೆಗೆ ಹಠ ಹಿಡಿದು ಬಂದ ಅತ್ತೆ ಇದನ್ನೆಲ್ಲ ಫ್ರೆಂಚ್ ಮ್ಯಾಮ್ ಮುಂದೆ ಬಿಚ್ಚಿಟ್ಟರು. ಆಕೆ ಪುದುಚೇರಿಯ ಹುಡುಗಿ. 1954ರವರೆಗೆ ತಮ್ಮೂರಿನಲ್ಲಿ ಫ್ರೆಂಚರದೇ ಆಡಳಿತವಿತ್ತು ಎಂದು ಆಕೆ ಹೇಳಿದ್ದೇ ತಡ, ಇಬ್ಬರೂ ಒಂದೇ ತವರಿನವರ ಹಾಗೆ ಕೈ ಹಿಡಿದುಕೊಂಡರು. ನಮ್ಮ ಹಿಂದೆ ಒಂಬತ್ತು ಜೋಡಿ ಅಪ್ಪ ಅಮ್ಮ ಕಾದು ನಿಂತಿದ್ದರು. ಪುಟ್ಟಿಯ ಅಂಕಗಳ ಬಗ್ಗೆ ಮಾತಾಡಲು ಸಮಯ ಸಾಲಲಿಲ್ಲ.

ಮಕ್ಕಳ ದಿನಾಚರಣೆಗೆ ಈ ಮೂರೂ ವಿದ್ಯೆಗಳನ್ನು ಒಂದೇ ವೇದಿಕೆಗೆ ತಂದರು. ಮಕ್ಕಳು ಫ್ರೆಂಚಿನ 'ಫ್ರೇರ್ ಜಾಕ್' ಹಾಡಬೇಕು, ಕೆಲವರು ರೆಕಾರ್ಡರ್ ಊದಬೇಕು, ಹಿಂದೆ ಐಫೆಲ್ ಗೋಪುರ ನಿಲ್ಲಬೇಕು. 'ಸ್ಟಾರಿ ನೈಟ್' ಚಿತ್ರದ ಹಾಗೆ ಆ ಗೋಪುರ ಎದ್ದದ್ದೂ 1889ರಲ್ಲೇ, ನೆಹರೂ ಹುಟ್ಟಿದ್ದೂ ಅದೇ ವರ್ಷ. ಆ ಒಂದು ವರ್ಷ ಬಾರದೇ ಹೋಗಿದ್ದರೆ ನನ್ನ ಗಂಡ ಆ ವಾರವೆಲ್ಲ ನೆಮ್ಮದಿಯಾಗಿ ಮಲಗುತ್ತಿದ್ದರು. ಎ ಪ್ಲಸ್ ಪಡೆದ ತಂದೆ ಎಂದು ಗೋಪುರದ ಹೊಣೆ ಅವರ ಮೇಲೆ ಬಿದ್ದಿತ್ತು. ಥರ್ಮಕೋಲಿನ ಬಿಳಿ ಪುಡಿ ಮೊಸರಿನಲ್ಲೂ ಸಿಕ್ಕಿತು. ಆಟೋದಲ್ಲಿ ಸಾಗಿಸುವಾಗ ಗಾಳಿಗೆ ತುದಿ ಮುರಿದು, ಫೆವಿಕಾಲ್ ಒಣಗದೆ, ಕೊನೆಗೆ ವೇದಿಕೆಯಲ್ಲಿ ಗೋಪುರ ಬೀಳದಂತೆ ಹಿಂದಿನಿಂದ ಹಿಡಿದು ನಿಲ್ಲಲು ಒಂದು ಮಗು ಬೇಕಾಯಿತು. ವರ್ಷವಿಡೀ ಮೂರೂ ವಿಷಯ ಕಲಿತ ನಮ್ಮ ಪುಟ್ಟಿಯ ಪಾತ್ರ ಅದೇ ಆಯಿತು. ಅವಳಿಗೆ ಬಹಳ ಖುಷಿ. ಹಾಡಬೇಕಾಗಿರಲಿಲ್ಲ, ಊದಬೇಕಾಗಿರಲಿಲ್ಲ.

ಆ ಹಾಡನ್ನು ಗುಂಪು ಗುಂಪಾಗಿ, ಒಬ್ಬರ ಹಿಂದೆ ಒಬ್ಬರು ಶುರು ಮಾಡಿ ಹೆಣೆಯುತ್ತಾ ಹೋಗುವುದು ಕ್ರಮ. ಅತ್ತೆ ಪಕ್ಕದ ವೀಣೆ ಟೀಚರ ಕಿವಿಯಲ್ಲಿ, "ಪಾಪ, ಒಬ್ರೂ ಒಟ್ಗೆ ಶುರು ಮಾಡ್ನಿಲ್ಲ" ಎಂದರು. ಅದು ಹಾಗೇ ಇರಬೇಕು ಎಂದು ಟೀಚರು ಹೇಳಿದಾಗ, "ಹಂಗಾದ್ರೆ ಎಲ್ರೂ ಒಟ್ಗೆ ಮುಗಿಸ್ಬುಟ್ರಲ್ಲ, ಅದು ತಪ್ಪು" ಎಂದರು. ಅದು ನಿಜವಾಗಿಯೂ ತಪ್ಪೇ ಆಗಿತ್ತು. ಸಮಯ ಮೀರಿತೆಂದು ಪ್ರಿನ್ಸಿಪಾಲರು ಗಂಟೆ ಬಾರಿಸಿದ್ದರು.

ಮೊನ್ನೆ ಹೊಸ ಸುತ್ತೋಲೆ ಬಂದಿದೆ. ಮುಂದಿನ ವರ್ಷ ಫ್ರೆಂಚನ್ನೇ ಮುಂದುವರಿಸಬಹುದು, ಬೇಡವಾದರೆ ಜರ್ಮನ್ ತೆಗೆದುಕೊಳ್ಳಬಹುದು. ಜರ್ಮನ್ ಆದರೆ ಕೆಲಸಕ್ಕೂ ಅನುಕೂಲ ಎಂದು ನನ್ನ ಗಂಡ ಊಟದ ಹೊತ್ತಿಗೆ ವಿಷಯ ಎತ್ತಿದರು.

"ಜರ್ಮನಿಯೋರು ನಮ್ ಕಡೀಕೆ ಬಂದಿದ್ರಾ?" ಎಂದು ಅತ್ತೆ ಕೇಳಿದರು.

"ನಮ್ಮೂರಿಗಲ್ಲವ್ವ, ಮಂಗಳೂರು, ಧಾರವಾಡದ ಕಡೆಗೆ ಬಂದಿದ್ರು. ಕಿಟೆಲ್ ಅಂತ ಒಬ್ಬ ಪಾದ್ರಿ. ಕನ್ನಡ ಕಲಿತು, ಕನ್ನಡಕ್ಕೇ ದೊಡ್ಡ ನಿಘಂಟು ಮಾಡಿದ್ರು, 1894ರಲ್ಲಿ."

ಅತ್ತೆ ಮುದ್ದೆ ಮುರಿದು ಸಾರಿಗೆ ಅದ್ದಿದರು.

"ಅವ್ರೇ ನಮ್ದ ಕಲ್ತ್‌ಬುಟ್ಟವ್ರಲ್ಲ, ಇನ್ನು ನಾವ್ಯಾಕೆ ಅವರ್ದ ಕಲೀಬೇಕು? ಫ್ರೆಂಚ್ನೋರೇ ಇರ್ಲಿ ಬುಡು. ಅವ್ರು ಅಷ್ಟ್ ದಿನ ನಮ್ಮೂರಲ್ಲಿದ್ದು ಒಂದಕ್ಸರಾನೂ ಕಲೀನಿಲ್ಲ."