ಬಾಕಿ: ಕೊಡೆ ಒಂದು

ವರ್ಷವಿಡೀ ಎಲ್‌ಐಸಿ ಏಜೆಂಟ್ ಎದುರಾದರೆ ಗಲ್ಲಿ ಬದಲಿಸುವ ಕೆಲವು ಹಿರಿಯರು ಡಿಸೆಂಬರ್ ಕೊನೆಯ ವಾರ ತಾವಾಗಿಯೇ ಅವನ ಮನೆಗೆ ಹೋಗಿ, ಕಾಫಿ ಕುಡಿದು, ಮಕ್ಕಳ ಓದು ವಿಚಾರಿಸಿ, ಎದ್ದು ಹೊರಡುವಾಗ ಏನೋ ನೆನಪಾದವರಂತೆ “ಈ ಸಲ ಡೈರಿ ಬಂತೇನಪ್ಪಾ?” ಎನ್ನುತ್ತಾರೆ. ಅಲ್ಲಿಂದ ಸಹಕಾರಿ ಬ್ಯಾಂಕು, ಅಲ್ಲಿಂದ ಗೊಬ್ಬರದ ಅಂಗಡಿ. ಜನವರಿ ಒಂದಕ್ಕೆ ನಾಲ್ಕು ಡೈರಿ ಕೈಸೇರಿರುತ್ತವೆ. ಬರೆಯುವುದು ಒಂದರಲ್ಲೇ. ಉಳಿದವು ಬೀರುವಿಗೆ.

ಇವರೇ ಡೈರಿ ತಾತಂದಿರು. ಪ್ರತಿ ತಾಲ್ಲೂಕಿನಲ್ಲೂ ಒಬ್ಬರಾದರೂ ಇರುತ್ತಾರೆ. ನಿವೃತ್ತ ಮೇಷ್ಟ್ರು, ಶಾನುಭೋಗರ ಮನೆತನದವರು, ಅಂಚೆ ಇಲಾಖೆಯವರು. ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು. ಕಾಲ ಕೈತಪ್ಪಿ ಹೋಗುತ್ತದೆಂಬ ಸಂಕಟ ನಮಗೆಲ್ಲ ಇದ್ದದ್ದೇ. ಇವರಿಗೆ ಅದು ಲೆಕ್ಕ ಕೊಡದೆ ಹೋಗುತ್ತದೆಂಬ ಸಿಟ್ಟು. ಈ ಜಾತಿಯ ಅಪ್ಪಟ ಮಾದರಿಯೊಂದು ನನಗೆ ಮಾವನಾಗಿ ಒದಗಿದೆ.

ಹಿರಿಯೂರಿನ ಹತ್ತಿರ ಹಳ್ಳಿ, ತೆಂಗಿನ ತೋಟ, ವಯಸ್ಸು 84. 1962ರಿಂದ ಒಂದು ದಿನವೂ ತಪ್ಪಿಸದೆ ಬರೆಯುತ್ತಿದ್ದಾರೆ. ಇಷ್ಟು ಬರೆದವರ ಮನಸ್ಸಿನೊಳಗೆ ಏನೆಲ್ಲ ಇರಬಹುದು ಎಂದು ಮದುವೆಯಾದ ಹೊಸದರಲ್ಲಿ ಆಸೆಯಿಂದ ಒಂದು ಡೈರಿ ತೆರೆದಿದ್ದೆ. 1983ರ ಜೂನ್ 26: “ಕ್ರಿಕೆಟ್‌ನಲ್ಲಿ ಇಂಡಿಯಾ ಗೆದ್ದಿತಂತೆ. ಎಮ್ಮೆ ಮೇವು ಮುಟ್ಟಲಿಲ್ಲ.” 1980ರ ಫೆಬ್ರವರಿ 16: “ಸೂರ್ಯಗ್ರಹಣ. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ನಾನು ಬಾವಿಯವರೆಗೆ ಹೋಗಿ ಬಂದೆ. ಏನೂ ಆಗಲಿಲ್ಲ.” ತಮ್ಮ ಮದುವೆಯ ದಿನ ಬರೆದದ್ದು ಎರಡೇ ವಾಕ್ಯ: “ಮದುವೆ. ಊಟದಲ್ಲಿ ಉಪ್ಪು ಕಮ್ಮಿ.” ಅದನ್ನು ನಾನು ಗಟ್ಟಿಯಾಗಿ ಓದಿದಾಗ ಅತ್ತೆ ಒಳಗಿನಿಂದಲೇ ಅಂದರು: “ಅದಕ್ಕೇ ಅವತ್ತಿಂದ ಜಾಸ್ತಿ ಹಾಕ್ತಾ ಬಂದಿದೀನಿ.”

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಕೊಡೆ.

ಮದುವೆಯಾದ ವರ್ಷ ಆರಿದ್ರಾ ಮಳೆಯ ಕಾಲ. ನಾನು ಬೆಂಗಳೂರಿಗೆ ಹೊರಟಿದ್ದೆ. “ಮೋಡ ಆಗಿದೆ, ತಗೊಂಡು ಹೋಗಿ” ಎಂದು ಮರದ ಹಿಡಿಯ ಕರಿಕೊಡೆಯೊಂದನ್ನು ಮಾವನೇ ಕೈಗಿಟ್ಟರು. ಹಿರಿಯೂರಿನ ಮೋಡವನ್ನು ನಂಬಿ ಕೊಡೆ ಹಿಡಿದವರನ್ನು ನಾನು ಕಂಡಿಲ್ಲ. ಆದರೂ ಹೊಸ ಅಳಿಯ, ಬೇಡವೆನ್ನಲಿಲ್ಲ. ಬಸ್ ನಿಲ್ದಾಣದವರೆಗೆ ಹನಿಯೂ ಬೀಳಲಿಲ್ಲ. ಬಸ್ಸು ಹತ್ತುವ ಮುಂಚೆ, ನನ್ನನ್ನು ಬೀಳ್ಕೊಡಲು ಬಂದಿದ್ದ ಮಾವನ ಭಾವಮೈದುನನ ಕೈಗೆ ಅದನ್ನು ಕೊಟ್ಟೆ. ನನ್ನ ಹೇಳಿಕೆ ಇಷ್ಟೇ. ಆ ಭಾವಮೈದುನ ಈಗ ಇಲ್ಲ. ಇದ್ದಾಗಲೂ ಅವರು ಡೈರಿ ಬರೆಯುತ್ತಿರಲಿಲ್ಲ. ಮಾವ ಬರೆಯುತ್ತಿದ್ದರು: “ಅಳಿಯಂದಿರು ಕೊಡೆ ಒಯ್ದರು.”

ಆ ವರ್ಷದ ಕೊನೆಯ ಪುಟದಲ್ಲಿ, ಕೆಂಪು ಶಾಯಿಯಲ್ಲಿ: “ಬಾಕಿ: ಕೊಡೆ ಒಂದು.” ಮರುವರ್ಷದ ಮೊದಲ ಪುಟದಲ್ಲಿ: “ಹಿಂದಿನಿಂದ ತಂದದ್ದು: ಕೊಡೆ ಒಂದು.” ಹೀಗೆ ಆ ಕೊಡೆ ಸರ್ಕಾರಗಳನ್ನು ದಾಟಿತು, ನೋಟು ರದ್ದತಿಯನ್ನು ದಾಟಿತು, ಕೊರೊನಾವನ್ನೂ ದಾಟಿತು. ನಡುವೆ ಒಮ್ಮೆ ರೋಸಿಹೋಗಿ ಒಳ್ಳೆಯ ಮಡಚುವ ಕೊಡೆಯೊಂದನ್ನು ಕೊಂಡು ತಂದು ಕೊಟ್ಟೆ. ಬಲು ಸಂತೋಷಪಟ್ಟರು. ರಾತ್ರಿ ಬರೆದರು: “ಅಳಿಯಂದಿರು ಕೊಡೆ ತಂದರು. ಉಡುಗೊರೆ.” ಕೆಳಗಿನ ಸಾಲಿನಲ್ಲಿ ಹಳೆಯ ಬಾಕಿ ಹಾಗೇ ಇತ್ತು.

ಈ ಬೇಸಿಗೆ ರಜೆಗೆ ಬಂದ ನನ್ನ ಮಗಳು ಒಂದು ಚೀಲ ತುಂಬ ಸ್ಟಿಕ್ಕರು, ಬ್ರಷ್ ಪೆನ್ನು, ಬಣ್ಣಬಣ್ಣದ ಜಪಾನಿ ವಾಶಿ ಟೇಪು ತಂದಿದ್ದಳು. ಅವಳು ಮಾಡುವುದು ಜರ್ನಲಿಂಗ್. ನಮ್ಮ ಕಾಲದಲ್ಲಿ ಡೈರಿಯನ್ನು ಬಚ್ಚಿಟ್ಟು ಬರೆಯುತ್ತಿದ್ದೆವು. ಇವರು ಅಲಂಕಾರ ಮಾಡಿ ಫೋಟೊ ತೆಗೆಯುತ್ತಾರೆ. ತಾತ, ಮೊಮ್ಮಗಳು ಸೇರಿ ಒಂದು ಜರ್ನಲ್ ಮಾಡುವುದೆಂದು ತೀರ್ಮಾನವಾಯಿತು. ಹೊಸ ಪುಸ್ತಕ ಕೊಳ್ಳಲು ಮಾವ ಬಿಡಲಿಲ್ಲ. ಬೀರುವಿನಿಂದ 2015ರ ಖಾಲಿ ಡೈರಿ ತೆಗೆದರು. “2015ಕ್ಕೂ 2026ಕ್ಕೂ ವಾರ, ತಾರೀಕು ಎಲ್ಲಾ ಒಂದೇ ಕಣವ್ವ. ಅದಕ್ಕೇ ಎತ್ತಿಟ್ಟಿದ್ದೆ.” ಹನ್ನೊಂದು ವರ್ಷ! ನಾನು ಮೊಬೈಲಿನಲ್ಲಿ ಪರೀಕ್ಷಿಸಿದೆ. ಎರಡೂ ವರ್ಷ ಶುರುವಾದದ್ದು ಗುರುವಾರವೇ.

ಆ ವಾಶಿ ಟೇಪನ್ನು ಹೆಸರುವಾಸಿ ಮಾಡಿದ ಕಂಪನಿ 1923ರಲ್ಲಿ ನೊಣ ಹಿಡಿಯುವ ಅಂಟುಕಾಗದ ತಯಾರಿಸುತ್ತ ಆರಂಭವಾದದ್ದು ಎಂಬ ವಿಷಯವನ್ನು ಮಗಳು ಎಲ್ಲಿಂದಲೋ ಓದಿ ಹೇಳಿದಳು. ಹೇಳಬಾರದಿತ್ತು. ಸಂಜೆ ಹೊತ್ತಿಗೆ ಅಡುಗೆಮನೆ ಕಿಟಕಿಯಲ್ಲಿ ಚೆರ್ರಿ ಹೂವಿನ ಚಿತ್ರದ ಟೇಪು ಗೇಣುದ್ದ ನೇತಾಡುತ್ತಿತ್ತು. ರಾತ್ರಿ ಡೈರಿಗೆ ಬಿತ್ತು: “ಜಪಾನ್ ಟೇಪು. ನೊಣ ಬೀಳಲಿಲ್ಲ.”

ಮೂಡ್ ಚಾರ್ಟ್ ಅಂತ ಒಂದಿದೆ. ದಿನಕ್ಕೊಂದು ಚೌಕ. ಖುಷಿಗೆ ಹಳದಿ, ಬೇಜಾರಿಗೆ ನೀಲಿ, ಸಿಟ್ಟಿಗೆ ಕೆಂಪು ತುಂಬಬೇಕು. ಮಾವ ಅದನ್ನು ಶ್ರದ್ಧೆಯಿಂದ ತುಂಬಿದರು. ವಾರ ಕಳೆದ ಮೇಲೆ ನೋಡಿದರೆ ತ್ರೀ ಫೇಸ್ ಕರೆಂಟ್ ಬಂದ ದಿನವೆಲ್ಲ ಹಳದಿ, ಬಾರದ ದಿನವೆಲ್ಲ ಕೆಂಪು. ನೀಲಿ ಒಂದೇ ಕಡೆ. ಆವತ್ತು ಮೋಟಾರು ಸುಟ್ಟಿತ್ತು.

ಅನಾಹುತವಾದದ್ದು ಬುಲೆಟ್ ಜರ್ನಲ್ ಪಾಠದಲ್ಲಿ. ರೈಡರ್ ಕ್ಯಾರೊಲ್ ಎಂಬ ಅಮೆರಿಕದ ವಿನ್ಯಾಸಕಾರ 2013ರಲ್ಲಿ ಜನರ ಮುಂದಿಟ್ಟ ಪದ್ಧತಿ ಅದು. ಮುಗಿದ ಕೆಲಸಕ್ಕೆ ಕತ್ತರಿ ಗುರುತು. ಮುಗಿಯದ್ದಕ್ಕೆ ಒಂದು ಬಾಣ ಹಾಕಿ ಮುಂದಿನ ತಿಂಗಳಿಗೆ ಸಾಗಿಸುವುದು. “ಇದಕ್ಕೆ ಮೈಗ್ರೇಷನ್ ಅಂತಾರೆ ತಾತ” ಎಂದು ಮಗಳು ವಿವರಿಸುತ್ತಿದ್ದಂತೆ ಮಾವನ ಮುಖ ಅರಳಿತು. ಕನ್ನಡಕ ಏರಿಸಿ ನನ್ನ ಕಡೆ ಒಮ್ಮೆ ನೋಡಿದರು. ಅರ್ಧ ಗಂಟೆಯೊಳಗೆ ತಾತ, ಮೊಮ್ಮಗಳು ಹಳೆಯ ಡೈರಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ವರ್ಷವರ್ಷದ ಬಾಕಿಯ ಮುಂದೆ ಒಂದೊಂದು ಬಾಣ ಎಳೆಯುತ್ತಿದ್ದರು. ನನ್ನ ರಕ್ತ ಹಂಚಿಕೊಂಡು ಹುಟ್ಟಿದವಳು ಕೊನೆಯ ಬಾಣದ ಪಕ್ಕದಲ್ಲಿ ಪುಟ್ಟ ಕೊಡೆಯ ಸ್ಟಿಕ್ಕರ್ ಕೂಡ ಅಂಟಿಸಿದಳು. ಮಿನುಗುವಂಥದ್ದು.

ಹಾಗೆ ಹರಡಿಕೊಂಡದ್ದರಿಂದಲೇ ನಾನು ಕೆಲವು ಪುಟ ಓದಿದ್ದು. ಪ್ರತಿ ದಿನದ ಮೂಲೆಯಲ್ಲೂ “ಮಾರಿಕಣಿವೆ” ಎಂದು ಬರೆದು ಅಣೆಕಟ್ಟಿನ ನೀರಿನ ಮಟ್ಟ ಹಾಕಿದ್ದಾರೆ. ಆ ಅಣೆಕಟ್ಟು, ಅಂದರೆ ವಾಣಿ ವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿತ್ತು, ಮಾವ ಹುಟ್ಟುವುದಕ್ಕೂ ಮೊದಲು. ಅವರ ಅಪ್ಪ ಕಂಡದ್ದನ್ನು ತಾವೂ ಕಾಣಬೇಕೆಂದು ಈ ಮನುಷ್ಯ ಅರವತ್ತು ವರ್ಷ ದಿನಾ ಅಂಕಿ ಬರೆಯುತ್ತ ಕೂತಿದ್ದರು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ನೀರು 130 ಅಡಿ ಮುಟ್ಟಿತು. ಆ ಪುಟ ಇಡೀ ಕೆಂಪು ಶಾಯಿ: “130. ಕೋಡಿ. ಕಣ್ಣಾರೆ ಕಂಡೆ. ಆಟೋದವನು ದುಪ್ಪಟ್ಟು ತೆಗೆದುಕೊಂಡ.” ಮಗಳು ಆ ಪುಟದ ಅಂಚಿಗೆ ನೀಲಿ ಟೇಪು ಸುತ್ತಿದಳು. ಆಗ ಮಾವ ಏನೂ ಲೆಕ್ಕ ಹೇಳಲಿಲ್ಲ.

“ಬಂದವರು” ಎಂಬ ಇನ್ನೊಂದು ಕಾಲಂ ಇದೆ. ಎಪ್ಪತ್ತರ ದಶಕದಲ್ಲಿ ಅದು ಅಂಚು ಮೀರಿ ಪಕ್ಕದ ದಿನಕ್ಕೂ ಹರಿದಿದೆ: ಬೀಗರು, ಹಳೆಯ ವಿದ್ಯಾರ್ಥಿಗಳು, ಗಾಡಿ ಕಟ್ಟಿಕೊಂಡು ಬಂದ ಸೋದರತ್ತೆಯ ಮನೆಯವರು, ಎಷ್ಟು ಮುದ್ದೆ ಬಿತ್ತು ಎಂಬುದರ ಸಮೇತ. ಬರಬರುತ್ತ ತೆಳುವಾಗಿದೆ. ಈಚಿನ ಪುಟಗಳಲ್ಲಿ “ಗ್ಯಾಸಿನ ಹುಡುಗ”, “ಕೊರಿಯರ್‌ನವನು, ಪಕ್ಕದ ಮನೆಗೆ, ನೀರು ಕೇಳಿದ”. ಮಗಳು ಕೇಳಿಯೇಬಿಟ್ಟಳು, “ಇವರೂ ನೆಂಟರಾ ತಾತ?”

“ಕಾಲಂ ಖಾಲಿ ಬಿಡಬಾರದು ಕಣವ್ವ” ಎಂದರು.

ಅವಳು ಬೀರುವಿನ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಇನ್ನೊಂದು ಡೈರಿ ಹುಡುಕಿ ತೆಗೆದಳು. 2020ರದ್ದು, ಖಾಲಿ. “ಅದು ಲೀಪ್ ವರ್ಷದ್ದು, ಬೇಗ ಸರಿಹೊಂದಲ್ಲ. 2048ಕ್ಕೆ ಬರುತ್ತೆ” ಎಂದರು ಮಾವ. ಅವಳು ಬೆರಳು ಮಡಚಿದಳು. ತನಗೆ ಆಗ ಮೂವತ್ತೈದು. “ನಿನಗೆ ನೂರಾ ಆರು ತಾತ!” ಅವರು ಸ್ವಲ್ಪ ಹೊತ್ತು ಯೋಚಿಸಿ, “ಕನ್ನಡಕ ಬದಲಾಯಿಸಬೇಕಾಗುತ್ತೆ” ಎಂದು ಹೇಳಿ ಡೈರಿಯನ್ನು ಮತ್ತೆ ಸುತ್ತಿ ಅವಳ ಚೀಲದಲ್ಲೇ ಇಟ್ಟರು.

ನನಗೆ ಒಳಗೆ ಏನೋ ಕಲಕಿತು. ಬೆಂಗಳೂರಿಗೂ ಹಿರಿಯೂರಿಗೂ ನೂರಾ ಅರವತ್ತು ಕಿಲೋಮೀಟರ್ ದಾರಿ. ಅದು ದೂರವೇ ಅಲ್ಲ. ಇನ್ನು ಮೇಲೆ ತಿಂಗಳಿಗೊಮ್ಮೆಯಾದರೂ ಬರಬೇಕು, ಗ್ಯಾಸಿನ ಹುಡುಗನ ಜಾಗದಲ್ಲಿ ನಮ್ಮ ಹೆಸರು ಬೀಳಬೇಕು, ನಾಳೆಯ ಪ್ರಯಾಣ ರದ್ದು ಮಾಡಿ ಇನ್ನೆರಡು ದಿನ ಉಳಿದುಬಿಡೋಣ ಎಂದೆಲ್ಲ ತೀರ್ಮಾನಿಸಿ, ಅದನ್ನು ಹೇಳಲೆಂದೇ ಪಡಸಾಲೆಗೆ ಹೋದೆ. ತಾತ, ಮೊಮ್ಮಗಳು ಆ ಹೊತ್ತಿಗೆ “ಕೃತಜ್ಞತೆಯ ಪುಟ” ಮುಗಿಸಿ ಊಟಕ್ಕೆ ಎದ್ದಿದ್ದರು. ಆ ದಿನ ಮನಸ್ಸಿಗೆ ನೆಮ್ಮದಿ ಕೊಟ್ಟ ಮೂರು ಸಂಗತಿ ಬರೆಯಬೇಕೆಂಬುದು ಆ ಪುಟದ ನಿಯಮ. ಸುತ್ತಲೂ ಸೂರ್ಯಕಾಂತಿ ಸ್ಟಿಕ್ಕರು, ನಡುವೆ ಮಾವನ ಮುತ್ತಿನಂಥ ಅಕ್ಷರ:

“1. ತ್ರೀ ಫೇಸ್ ಐದು ಗಂಟೆ ಇತ್ತು.
2. ಮೊಮ್ಮಗಳು ತಿಂಗಳ ಕೊನೆವರೆಗೂ ಇರುತ್ತಾಳೆ.
3. ಅಳಿಯಂದಿರು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಮೋಡವಿಲ್ಲ. ಕೊಡೆ ಬೇಕಾಗುವುದಿಲ್ಲ.”