ಕನ್ವೀನರ್ ಸಾಹೇಬರು

ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಒಬ್ಬ ಕನ್ವೀನರ್ ಸಾಹೇಬರು ಸಿಕ್ಕೇ ಸಿಗುತ್ತಾರೆ. ಅವರು ಯಾವ ವಿಷಯ ಪಾಠ ಮಾಡುತ್ತಾರೆಂದು ಕೇಳಿದರೆ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಯಾವ ಸಮಿತಿಯಲ್ಲಿದ್ದಾರೆ ಎಂದರೆ ಅಟೆಂಡರ್ ಕೂಡ ಹೇಳುತ್ತಾನೆ. ಕಂಕುಳಲ್ಲಿ ಫೈಲು, ನಾಲಗೆ ಮೇಲೆ ನ್ಯಾಕ್.

ವಿಶ್ವವಿದ್ಯಾಲಯಗಳನ್ನು ಅಳೆಯುವ ನ್ಯಾಕ್‌ನ ಮಾನದಂಡಗಳಲ್ಲಿ ಲಿಂಗ ಸಮಾನತೆಯ ಮಾತು ಬರುತ್ತದೆ. ಆದ್ದರಿಂದ ಕ್ಯಾಂಪಸ್ಸಿಗೆ ಪ್ಯಾಡ್ ಯಂತ್ರ ಬಂತು. ಅದನ್ನು ಎಲ್ಲಿಡಬೇಕು ಎಂಬುದಕ್ಕೆ ಸಮಿತಿಯೂ ಬಂತು. ಪ್ಯಾಡ್ ಎನ್ನಲು ಸಾಹೇಬರಿಗೆ ಬಾಯಿ ಬರುವುದಿಲ್ಲ. ಸಭೆಯುದ್ದಕ್ಕೂ ಅದು "ಆ ಐಟಂ".

"ಆ ಐಟಂ ಆಡಳಿತ ಭವನದ ಪೋರ್ಟಿಕೋದಲ್ಲಿರಲಿ. ಕಾರಿಂದ ಇಳೀತಿದ್ದ ಹಾಗೇ ಕಾಣ್ಬೇಕು."

"ಸರ್, ಲೇಡೀಸ್ ಟಾಯ್ಲೆಟ್‌ನಲ್ಲಿ ಇಟ್ರೆ..." ಎಂದರು ಸಮಿತಿಯಲ್ಲಿದ್ದ ಒಬ್ಬರೇ ಮೇಡಂ.

"ಅಲ್ಲಿಗೆ ನ್ಯಾಕ್‌ನೋರು ಬರ್ತಾರೇನಮ್ಮಾ?"

ಗ್ರಂಥಾಲಯದಲ್ಲಿಡುವ ಸಲಹೆಯೂ ಬಿದ್ದುಹೋಯಿತು, ಅಲ್ಲಿ ಗಂಡುಹುಡುಗರು ಓದುತ್ತಾರಂತೆ. (ಓದುವುದನ್ನು ನಾನಂತೂ ಕಂಡಿಲ್ಲ.) ಟೀ ತಂದ ಕಸಗುಡಿಸುವ ಆಯಮ್ಮ ಲೋಟ ಇಡುತ್ತಲೇ ಹೇಳಿದಳು: "ಸೈನ್ಸ್ ಬ್ಲಾಕ್ ಟಾಯ್ಲೆಟ್ಟಲ್ಲಿ ಇಡಿ ಸಾ. ಮಕ್ಳು ಪ್ರಾಕ್ಟಿಕಲ್ ಅಂತ ಸಂಜೆಗಂಟ ನಿಂತೇ ಇರ್ತವೆ. ಹಾಸ್ಟೆಲ್ ನೋಡುದ್ರೆ ಆ ತುದೀಲದೆ. ಒಂದ್ ಮುಚ್ಚಳದ ಬುಟ್ಟೀನೂ ಕೊಡಿ, ಇಲ್ದಿದ್ರೆ ಕಮೋಡಿಗೇ ಹಾಕ್ತವೆ, ಕಟ್ಕಂಡ್ರೆ ತೆಗ್ಯೋಳು ನಾನೇ." ಇಡೀ ಸಭೆಯಲ್ಲಿ ಕ್ಯಾಂಪಸ್ಸಿನ ನಕ್ಷೆ ಗೊತ್ತಿದ್ದವಳು ಅವಳೊಬ್ಬಳೇ. ನಡಾವಳಿಯಲ್ಲಿ ಅದು ಹೀಗೆ ದಾಖಲಾಯಿತು: "ಚಹಾ ವಿತರಿಸಲಾಯಿತು."

ಮುಂದೆ ಪ್ಯಾಡು ತರಿಸುವ ಕೊಟೇಶನ್. ಪ್ಯಾಡಿನ ಮೇಲಿದ್ದ ಶೇ. 12ರ ಜಿಎಸ್‌ಟಿ 2018ರ ಜುಲೈನಲ್ಲೇ ರದ್ದಾಗಿದೆ. ಸಾಹೇಬರು ತೆರಿಗೆ ಕಾಲಂನಲ್ಲಿ ಸೊನ್ನೆ ಕಂಡು, "ಏನೋ ಗೋಲ್‌ಮಾಲ್ ಇದೆ" ಎಂದು ಫೈಲು ವಾಪಸ್ ಕಳಿಸಿದರು. ಅದು ತಿರುಗಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು.

ಕೊನೆಗೂ ಪೋರ್ಟಿಕೋದಲ್ಲಿ ದೀಪ ಬೆಳಗಿ ಉದ್ಘಾಟನೆಯಾಯಿತು. ಯಂತ್ರಕ್ಕೆ ಮಲ್ಲಿಗೆ ಹಾರ. ನಾಣ್ಯ ಹಾಕುವ ಕಿಂಡಿಯೇ ಮುಚ್ಚಿಹೋಗಿತ್ತು. ಐದು ರೂಪಾಯಿ ನಾಣ್ಯ ಬೇಕು, ಕ್ಯಾಂಟೀನಿನವನು ಚಿಲ್ಲರೆಗೆ ಬದಲು ಚಾಕಲೇಟ್ ಕೊಡುತ್ತಾನೆ.

ಹುಡುಗಿಯೊಬ್ಬಳು ಧೈರ್ಯ ಮಾಡಿ ದೂರು ತಂದಳು. ಸಾಹೇಬರು ಸಮಾಧಾನವಾಗಿ ಕೇಳಿಸಿಕೊಂಡು ಹೇಳಿದರು: "ನಾಣ್ಯ ಇಲ್ಲದಿದ್ರೆ ಪರವಾಗಿಲ್ಲಮ್ಮ, ಬೀಗದ ಕೈ ನನ್ನ ಹತ್ರಾನೇ ಇದೆ. ಒಂದು ಅರ್ಜಿ ಬರಿ, ಎಚ್‌ಒಡಿ ಸಹಿ ಹಾಕಿಸು, ಕಾರಣ ಸ್ಪಷ್ಟವಾಗಿ ನಮೂದಿಸು. ನಾಳೆ ಮಧ್ಯಾಹ್ನದ ಮೇಲೆ ಬಾ."